ಕೊನೆಯ ಚೀಲದ ಜಡೆ

ಹೊಲಿದ ಚೀಲದ ಬಾಯಿ ನೋಡಿ ಹೊಲಿದವರು ಯಾರೆಂದು ನಾನು ಹೇಳಬಲ್ಲೆ. ಹೆಮ್ಮೆಗೆ ಹೇಳುತ್ತಿಲ್ಲ. ಈ ವಿದ್ಯೆ ನನಗೆ ಬರದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಆಮೇಲೆ, ಬಂದ ವಿದ್ಯೆಯನ್ನು ಬಳಸಬೇಕಾದ ಹೊತ್ತಿಗೆ ಬಾಯಿ ಮುಚ್ಚಿಕೊಂಡು ಕೂತವಳು ನಾನೇ ಅಲ್ಲವೇ ಎಂದು ನನ್ನ ಮೇಲೇ ಸಿಟ್ಟು ಬಂದಿದೆ.

ನಮ್ಮವ್ವ ಶಹಾಪುರದ ಮಾರುಕಟ್ಟೆಯಲ್ಲಿ, ನಾವೆಲ್ಲ ಗಂಜ್ ಎನ್ನುವ ಆ ಅಂಗಳದಲ್ಲಿ, ಚೀಲ ಹೊಲಿದೇ ನಮ್ಮನ್ನು ಸಾಕಿದಳು. ಅಡತಿ ಅಂಗಡಿಗಳ ಮುಂದೆ ತೊಗರಿ ರಾಶಿ ಬೀಳುತ್ತಿತ್ತು, ಹಮಾಲರು ತುಂಬಿ ತೂಗುತ್ತಿದ್ದರು, ಹೆಂಗಸರು ಸಾಲಾಗಿ ಕೂತು ದಬ್ಬಣಕ್ಕೆ ಸುತಳಿ ಪೋಣಿಸಿ ಬಾಯಿ ಹೊಲಿಯುತ್ತಿದ್ದರು. ಈಗ ಎಲ್ಲೆಡೆ ಕೈಯಲ್ಲಿ ಹಿಡಿದು ಹೊಲಿಯುವ ಮಷೀನು ಬಂದಿದೆ. ಆದರೂ ಕೆಲವು ಹಳೆಯ ಅಂಗಡಿಯವರು ಕೈಹೊಲಿಗೆಯನ್ನೇ ಕೇಳುತ್ತಾರೆ. ಮಷೀನಿನ ದಾರದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಬಾಯಿ ಬಿಚ್ಚಿಕೊಳ್ಳುತ್ತದೆ. ಅವ್ವ ಹೊಲಿದದ್ದನ್ನು ಬಿಚ್ಚಬೇಕಾದರೆ ಕತ್ತಿಯೇ ಬೇಕು.

ಶಾಲೆ ಬಿಟ್ಟ ಮೇಲೆ ಅಕ್ಕ ಮತ್ತು ನಾನು ಅವ್ವನ ಪಕ್ಕ ಕೂತು ಕಲಿತೆವು. ಅವ್ವನದು ಬಲಕ್ಕೆ ವಾಲುವ ಹೊಲಿಗೆ, ಒತ್ತೊತ್ತಾಗಿ. ನನ್ನದೂ ಬಲಕ್ಕೆ, ಆದರೆ ಸೋಮಾರಿ ಹೊಲಿಗೆ. ಎರಡು ಹೊಲಿಗೆ ಹಾಕುವಲ್ಲಿ ಒಂದು ಹಾಕಿ ಎದ್ದುಬಿಡುವವಳು ನಾನು. ಅಕ್ಕ ಎಡಚಿ. ಅವಳ ಹೊಲಿಗೆ ಎಡಕ್ಕೆ ವಾಲುತ್ತಿತ್ತು. ಅವ್ವ ಅವಳ ಎಡಗೈಗೆ ಎಷ್ಟೋ ಏಟು ಕೊಟ್ಟಳು, ದಬ್ಬಣ ಕಸಿದು ಬಲಗೈಗೆ ಇಟ್ಟಳು. ಅಕ್ಕ ಒಂದು ಹೊಲಿಗೆ ಬಲಗೈಯಿಂದ ಹಾಕಿ, ಅವ್ವ ಆಚೆ ತಿರುಗಿದ ಕೂಡಲೇ ಎಡಗೈಗೆ ಬದಲಿಸುತ್ತಿದ್ದಳು.

ಅವ್ವನ ಸಾಲಿನ ಹೆಂಗಸರಿಗೆ ಒಂದು ಪದ್ಧತಿ ಇತ್ತು. ಒಂದು ಲಾರಿಗೆ ಹೋಗುವ ಚೀಲಗಳನ್ನೆಲ್ಲ ಹೊಲಿದು ಮುಗಿಸಿ, ಕೊನೆಯ ಚೀಲದ ಮೂಲೆಯಲ್ಲಿ ಸುತಳಿಯನ್ನು ಕತ್ತರಿಸದೆ ಗೇಣುದ್ದ ಬಿಟ್ಟು, ಹೆಣೆದು, ಮೂರು ಗಂಟು ಹಾಕುತ್ತಿದ್ದರು. ಅದಕ್ಕೆ ಜಡೆ ಎನ್ನುತ್ತಿದ್ದರು. ಹೋದ ಚೀಲ ತುಂಬಿ ಬರಲಿ, ಅಂಗಳ ಖಾಲಿ ಬೀಳದಿರಲಿ ಎಂಬ ಹಾರೈಕೆ. ಕೊನೆಯ ಚೀಲಕ್ಕೆ ಮಾತ್ರ. ಬೇರೆ ಚೀಲಕ್ಕೆ ಹಾಕಿದರೆ ಸುತಳಿ ದಂಡ ಎಂದು ಅವ್ವ ಬೈಯುತ್ತಿದ್ದಳು. ಆ ಸಾಲಿನಲ್ಲಿ ಕಲಿತವರನ್ನು ಬಿಟ್ಟರೆ ಈ ಪದ್ಧತಿ ಗಂಜ್‌ನ ಹಮಾಲರಿಗೂ ಗೊತ್ತಿರಲಿಲ್ಲ.

ಅಕ್ಕನನ್ನು ಸುರಪುರಕ್ಕೆ ಕೊಟ್ಟೆವು. ನಾನು ಓದಿ, ಓಡಿ, ಎತ್ತರ ಅಳೆಸಿಕೊಂಡು ಪೊಲೀಸ್ ಕಾನ್‌ಸ್ಟೇಬಲ್ ಆದೆ. ಶಹಾಪುರದ ಠಾಣೆಯಲ್ಲೇ ಕಂಪ್ಯೂಟರ್ ಕೆಲಸಕ್ಕೆ ಕೂರಿಸಿದರು. ಬಂದೋಬಸ್ತಿಗೆ ಬಿಸಿಲಲ್ಲಿ ನಿಲ್ಲುವುದು ತಪ್ಪಿತಲ್ಲ ಎಂದು ಸಂತೋಷಪಟ್ಟೆ.

ಆ ವರ್ಷ ತೊಗರಿ ಸುಗ್ಗಿಯಲ್ಲಿ ಲಾರಿಗಳ ಮಾಲು ಕಡಿಮೆಯಾಗತೊಡಗಿತು. ಇಲ್ಲಿ ತುಂಬಿದ ಲಾರಿ ಯಾದಗಿರಿ ದಾಟಿ, ಗಡಿ ದಾಟಿ, ಆಚೆಯ ಬೇಳೆ ಮಿಲ್ಲಿಗೆ ಹೋಗುತ್ತಿತ್ತು. ಚೀಲದ ಲೆಕ್ಕ ಸರಿ, ತೂಕವೂ ಸರಿ. ಬಾಯಿ ಬಿಚ್ಚಿದರೆ ಮೇಲೆ ತೊಗರಿ, ನಡುವೆ ಗರಸು ಮಣ್ಣು. ಮಿಲ್ಲಿನವರು ಅಡತಿಯವರನ್ನು ಬೈದರು, ಅಡತಿಯವರು ಲಾರಿಯವರನ್ನು ಬೈದರು. ದೂರು ಕೊಡಲು ಹೋದರೆ ಎಲ್ಲಿ ಕೊಡುವುದು? ಮಾಲು ತುಂಬಿದ್ದು ಒಂದು ಠಾಣೆಯ ಹದ್ದಿನಲ್ಲಿ, ಇಳಿಸಿದ್ದು ಇನ್ನೊಂದು ರಾಜ್ಯದಲ್ಲಿ, ಕದ್ದದ್ದು ನಡುವೆ ಎಲ್ಲೋ. 'ಇದು ನಮ್ಮ ಹದ್ದಲ್ಲ' ಎಂಬ ಮಾತನ್ನು ನಮ್ಮ ಇಲಾಖೆಯಷ್ಟು ಚೆನ್ನಾಗಿ ಯಾರೂ ಹೇಳಲಾರರು. ನಾನೂ ಎಷ್ಟೋ ಜನಕ್ಕೆ ಹೇಳಿ ಕಳಿಸಿದ್ದೇನೆ.

ಕೊನೆಗೆ ಮೇಲಿನವರು ಕೂತು ಮಾತಾಡಿ ಜಂಟಿ ತಂಡ ಮಾಡಿದರು. ನಮ್ಮ ಜಿಲ್ಲೆಯವರು, ಪಕ್ಕದ ಜಿಲ್ಲೆಯವರು, ಗಡಿಯಾಚೆಯವರು, ಮೂರೂ ಕಡೆಯವರಿಗೆ ಸೇರಿ ಒಂದು ವಾಟ್ಸಾಪ್ ಗುಂಪು. ನಾಕಾಗಳಲ್ಲಿ, ಎಂದರೆ ತಪಾಸಣೆ ಗೇಟುಗಳಲ್ಲಿ, ಲಾರಿ ದಾಟಿದ ಹೊತ್ತು, ಪೆಟ್ರೋಲ್ ಬಂಕಿನ ಕ್ಯಾಮೆರಾ ಚಿತ್ರ, ಟೋಲ್ ಚೀಟಿ, ಎಲ್ಲವೂ ಆ ಗುಂಪಿಗೆ ಬರುತ್ತಿದ್ದವು. ಅವನ್ನು ದಿನವಾರು ಜೋಡಿಸಿ ಪಟ್ಟಿ ಮಾಡುವುದು ನನ್ನ ಕೆಲಸ. ಮೊದಲ ವಾರ ಮೂರು ಕಡೆಯವರೂ ಒಬ್ಬರಿಗೊಬ್ಬರು ಶುಭೋದಯದ ಹೂವಿನ ಚಿತ್ರಗಳನ್ನಷ್ಟೇ ಕಳಿಸಿಕೊಂಡರು. ಆಮೇಲೆ ಪಟ್ಟಿಗಳು ಒಂದಕ್ಕೊಂದು ಕೂಡಿಕೊಳ್ಳತೊಡಗಿದವು. ಶಹಾಪುರ ಬಿಟ್ಟ ಲಾರಿ ಯಾದಗಿರಿ ನಾಕಾಕ್ಕೆ ಬರಲು ಮೂರು ತಾಸು ಹೆಚ್ಚು ತೆಗೆದುಕೊಳ್ಳುತ್ತಿತ್ತು. ಆ ಮೂರು ತಾಸು ಅದು ಎಲ್ಲಿರುತ್ತಿತ್ತು ಎಂಬುದು ಯಾರಿಗೂ ತಿಳಿಯಲಿಲ್ಲ. ದಾರಿ ಬಿಟ್ಟು ಒಳಗೆ ಎಲ್ಲಿಗೋ ಹೋಗುತ್ತಿದೆ ಎಂಬುದಷ್ಟೇ ಖಾತ್ರಿಯಾಯಿತು.

ಒಂದು ಬೇಸ್ತವಾರ ಮಧ್ಯಾಹ್ನ ಗಡಿಯಾಚೆಯ ಎಸ್ಸೈ ಮೂರು ಚಿತ್ರ ಹಾಕಿದರು. ಮಿಲ್ಲಿನಲ್ಲಿ ಒಂದೇ ಲಾರಿಯಿಂದ ಇಳಿದ ಮೂರು ಮಣ್ಣಿನ ಚೀಲಗಳ ಬಾಯಿ, ಹತ್ತಿರದಿಂದ ತೆಗೆದದ್ದು. ನಾನು ಊಟದ ಡಬ್ಬಿ ತೆರೆದು ಕೂತಿದ್ದೆ. ಚಿತ್ರ ದೊಡ್ಡದು ಮಾಡಿ ನೋಡಿದೆ. ಹೊಲಿಗೆ ಎಡಕ್ಕೆ ವಾಲಿತ್ತು, ಒತ್ತೊತ್ತಾಗಿತ್ತು. ಮೂಲೆಯಲ್ಲಿ ಗೇಣುದ್ದದ ಜಡೆ, ಮೂರು ಗಂಟು.

ಅಕ್ಕನ ಕೈ. ಡಬ್ಬಿ ಮುಚ್ಚಿಬಿಟ್ಟೆ.

ಮೂರೂ ಚೀಲಕ್ಕೆ ಜಡೆ ಇತ್ತು. ಅದನ್ನು ನಾನು ಕಂಡೆ. ಕಂಡು ಏನು ಯೋಚಿಸಿದೆ ಎಂದರೆ, ಅಕ್ಕ ಮೈಮರೆತಿದ್ದಾಳೆ, ಅವ್ವ ನೋಡಿದ್ದರೆ ಬೈಯುತ್ತಿದ್ದಳು ಎಂದು. ಕದ್ದ ಚೀಲಕ್ಕೂ ಹಾರೈಸುವ ತಪ್ಪನ್ನು ನಮ್ಮ ಮನೆಯವರೇ ಮಾಡಬೇಕು ಎಂದುಕೊಂಡೆ. ಪೊಲೀಸಿನವಳು ಯೋಚಿಸಬೇಕಾದ್ದು ಬೇರೆ ಏನೋ ಇತ್ತು. ಅದು ಹೊಳೆಯಲಿಲ್ಲ.

ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಬಂದು, "ಈ ಚಿತ್ರದಾಗ ಏನರ ಅದೇನವಾ?" ಎಂದು ಕೇಳಿದರು.

"ಏನಿಲ್ರಿ ಸರ್, ಬರೇ ಚೀಲ" ಎಂದೆ. ಅಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಐತವಾರ ಸುರಪುರಕ್ಕೆ ಹೋದೆ. ಅಕ್ಕನಿಗೆ ಮೊದಲೇ ಹೇಳಲು ಆಗಲಿಲ್ಲ. ಮೂರು ತಿಂಗಳಿಂದ ಅವಳ ಫೋನಿಗೆ ಮಾಡಿದರೆ ಅವಳ ಗಂಡನೇ ಎತ್ತಿ, "ಆಕಿ ಕೆಲಸದಾಗ ಇದ್ದಾಳ" ಎಂದು ಇಟ್ಟುಬಿಡುತ್ತಿದ್ದ. ಅವನು ಹಿಂದೆ ಲಾರಿ ಓಡಿಸುತ್ತಿದ್ದವನು, ಈಗ ಹುಣಸಗಿ ರಸ್ತೆಯಲ್ಲಿ ಹೊಸ ಜಾಗಕ್ಕೆ ಮನೆ ಬದಲಿಸಿದ್ದ. ಊರಿನಿಂದ ದೂರ, ಸುತ್ತ ಭತ್ತದ ಗದ್ದೆ, ಮನೆಯ ಹಿಂದೆ ದೊಡ್ಡ ತಗಡಿನ ಶೆಡ್ಡು. ಶೆಡ್ಡಿನ ಮುಂದೆ ಮಣ್ಣಿನಲ್ಲಿ ಜೋಡಿ ಟೈರುಗಳ ಗುರುತು. ಅಷ್ಟು ನೋಡಿಕೊಂಡು ಒಳಗೆ ಹೋದೆ.

ಅಕ್ಕ ಒಲೆಯ ಮುಂದೆ ಇದ್ದಳು. ತೆಳ್ಳಗಾಗಿದ್ದಳು. ಎಡಗೈಯ ತೋರುಬೆರಳು ಸುತಳಿ ಎಳೆದೆಳೆದು ಒಡೆದಿತ್ತು. ಅವಳ ಗಂಡ ಬಾಗಿಲಿಗೆ ಒರಗಿ ನಿಂತ. ನಾನು ಹೋಗುವವರೆಗೂ ಅಲ್ಲಿಂದ ಅಲುಗಲಿಲ್ಲ.

"ಏನ್ ಬಂದಿ ತಂಗಿ, ಹೇಳದ ಕೇಳದ" ಎಂದಳು.

"ಹಂಗ ಬಂದೆ. ಬೆರಳಿಗಿ ಏನಾಗ್ಯದ?"

"ಚೀಲ ಹೊಲಿಯಾಕತ್ತೇನಿ. ಕೂಲಿ."

"ಯಾರ ಚೀಲ?"

ಅವಳು ಗಂಡನ ಕಡೆ ನೋಡಲಿಲ್ಲ. ರೊಟ್ಟಿ ತಿರುವಿ ಹಾಕಿದಳು. "ಅವ್ವನ ಕಣ್ಣು ಹೆಂಗದಾವ? ದೂರದ್ದು ಕಾಣತಾವ?"

"ಆಪರೇಷನ್ ಆದ ಮ್ಯಾಲ ಚಲೋ ಅದಾವ."

"ನಿನ್ನ ಕಣ್ಣು?"

ಬಾಗಿಲ ಬಳಿ ನಿಂತವನು ನಕ್ಕ. "ಪೊಲೀಸರ ಕಣ್ಣಿಗಿ ಏನ್ ಆಗ್ತದ? ಮೈಯೆಲ್ಲಾ ಕಣ್ಣೇ ಇರ್ತಾವ."

ಹೊರಡುವಾಗ ಅಕ್ಕ ಅವ್ವನಿಗೆಂದು ರೊಟ್ಟಿ, ಶೇಂಗಾ ಹಿಂಡಿ ಬಟ್ಟೆಯಲ್ಲಿ ಕಟ್ಟಿ, ಮೇಲೆ ಸುತಳಿ ಸುತ್ತಿ ಕೊಟ್ಟಳು. ಅವಳ ಗಂಡ ಬಸ್ ನಿಲ್ಲುವ ಜಾಗದವರೆಗೂ ಬೈಕಿನಲ್ಲಿ ತಂದು ಬಿಟ್ಟ. "ಮತ್ತ ಬರಬೇಕಂದ್ರ ಫೋನ್ ಮಾಡಿ ಬರ್ರಿ. ನಾವು ಮನ್ಯಾಗ ಇರ್ತೀವೋ ಇಲ್ಲೋ" ಎಂದ. ಮಾತು ಮರ್ಯಾದೆಯದೇ. ಆದರೂ ಬಸ್ಸು ಹೊರಡುವವರೆಗೂ ಅವನು ಬೈಕು ತಿರುಗಿಸಲಿಲ್ಲ.

ಮನೆಗೆ ಬಂದು ಗಂಟು ಬಿಚ್ಚಲು ನೋಡಿದೆ. ಬಿಚ್ಚಲಿಲ್ಲ. ಸುತಳಿಯ ತುದಿಗೆ ಜಡೆ ಹೆಣೆದು ಮೂರು ಗಂಟು ಹಾಕಿದ್ದಳು. ಸಿಟ್ಟಿನಿಂದ ಈಳಿಗೆಗೆ ಇಟ್ಟು ಕೊಯ್ದು ಎಸೆದೆ.

ಸೋಮವಾರ ಹೇಳಿಬಿಡಬೇಕು ಎಂದುಕೊಂಡೆ. ಹೇಳಲಿಲ್ಲ. ಹೇಳಿದರೆ ಮೊದಲು ಕೋಳ ಬೀಳುವುದು ಅಕ್ಕನ ಕೈಗೆ, ಹೊಲಿಗೆ ಅವಳದು. ಮಂಗಳವಾರವೂ ಹೇಳಲಿಲ್ಲ. ಗುಂಪಿನಲ್ಲಿ ಚಿತ್ರಗಳು ಬರುತ್ತಲೇ ಇದ್ದವು. ನಾಕಾದ ಪಟ್ಟಿಗಳನ್ನು ಜೋಡಿಸುತ್ತಾ, ಈ ಪಟ್ಟಿ ಯಾವತ್ತು ಸುರಪುರಕ್ಕೆ ಮುಟ್ಟುತ್ತದೋ ಎಂದು ಲೆಕ್ಕ ಹಾಕುತ್ತಿದ್ದೆ. ಹುಣಸಗಿ ರಸ್ತೆಯ ಒಂದು ಬಂಕಿನ ಚಿತ್ರ ಬಂದಾಗ ಅದನ್ನು ಪಟ್ಟಿಯ ಕೊನೆಗೆ ತಳ್ಳಿದೆ. ಅಳಿಸಲಿಲ್ಲ, ತಳ್ಳಿದೆ ಅಷ್ಟೇ. ಆ ವ್ಯತ್ಯಾಸವನ್ನು ಹಿಡಿದುಕೊಂಡು ನಾನು ಮೂರು ದಿನ ಊಟ ಮಾಡಿದೆ.

ಬುಧವಾರ ಸಂಜೆ ಶಹಾಪುರದಿಂದ ಒಂದು ಲಾರಿ ಹೊರಟಿತ್ತು. ಲಾರಿಯನ್ನು ದಾರಿ ತಪ್ಪಿಸುವ ಗುಟ್ಟು ಗೊತ್ತಿದ್ದ ಕಾಯಂ ಡ್ರೈವರನಿಗೆ ಜ್ವರ ಬಂದು, ಏನೂ ಗೊತ್ತಿಲ್ಲದ ಬೇರೆಯವನನ್ನು ಕಳಿಸಿದ್ದರು. ಮರುದಿನ ಬೆಳಿಗ್ಗೆ ಗದ್ದೆಗೆ ನೀರು ಬಿಡಲು ಹೋದವರಿಗೆ ಕಾಲುವೆಯ ದಂಡೆಯಲ್ಲಿ ಆ ಹೊಸ ಡ್ರೈವರು ಬಿದ್ದಿದ್ದು ಕಂಡಿತು. ತಲೆಗೆ ಕಬ್ಬಿಣದ ರಾಡಿನ ಏಟು. ಉಸಿರು ಇತ್ತು. ಸ್ವಲ್ಪ ದೂರದಲ್ಲಿ ಲಾರಿ, ಅದರಲ್ಲಿ ಅರ್ಧ ಮಾಲು. ಬಿಚ್ಚಿ ಮತ್ತೆ ಹೊಲಿದ ಏಳು ಚೀಲಗಳು ಹಿಂದೆ ಬಿದ್ದಿದ್ದವು.

ಅವನನ್ನು ಯಾದಗಿರಿ ಆಸ್ಪತ್ರೆಗೆ ಸೇರಿಸಿದರು. ಹೆಂಡತಿ ಗಡಿಯಾಚೆಯಿಂದ ಬಂದಳು. ಹೆಣ್ಣುಮಗಳು ಎಂದು ಅವಳ ಜೊತೆ ನನ್ನನ್ನೇ ಕೂರಿಸಿದರು. ಅವಳು ತೆಲುಗಿನಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದಳು: ಅವನು ಈ ದಾರಿಯಲ್ಲಿ ಬರುವವನೇ ಅಲ್ಲ, ಯಾಕೆ ಬಂದ? ನಾನು ಅವಳಿಗೆ ಚಹಾ ತಂದು ಕೊಟ್ಟೆ. ಅದು ಅವಳ ಕೈಯಲ್ಲೇ ಆರಿತು. ನನ್ನ ಮುಖ ನೋಡಿ ಮಾತಾಡುತ್ತಿದ್ದಳು. ನನಗೆ ನೆಲ ನೋಡುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ.

ಆ ಮಧ್ಯಾಹ್ನ ಏಳು ಚೀಲಗಳನ್ನು ನಮ್ಮ ಠಾಣೆಯ ಅಂಗಳಕ್ಕೆ ತಂದು ಇಳಿಸಿದರು. ಮೂರೂ ಕಡೆಯ ಪೊಲೀಸರು ಸೇರಿದ್ದರು. ಗಡಿಯಾಚೆಯ ಎಸ್ಸೈ, ಬಿಳಿ ಮೀಸೆಯವರು, ಒಂದು ಚೀಲದ ಜಡೆ ಹಿಡಿದು, "ಇದು ಏಮಿಟಿ, ಏನಿದು? ಎಲ್ಲಾದಕ್ಕೂ ಇದೆ" ಎಂದು ತಮ್ಮ ಹರಕು ಕನ್ನಡದಲ್ಲಿ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ನಮ್ಮ ಸಾಹೇಬರು ನನ್ನತ್ತ ತಿರುಗಿದರು.

"ನಿಮ್ಮವ್ವ ಗಂಜ್‌ನಾಗ ಚೀಲ ಹೊಲೀತಾರಲ್ಲವಾ? ಕರಕೊಂಡ ಬಾ. ಅವರಿಗಿ ಗೊತ್ತಿರಬೇಕು."

ಅವ್ವನನ್ನು ಕರೆತರುವಾಗ ನಾನು ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಂಗಳದಲ್ಲಿ ಕಾಲಿಟ್ಟವಳು ಹತ್ತು ಹೆಜ್ಜೆ ದೂರದಿಂದಲೇ ಚೀಲಗಳನ್ನು ನೋಡಿ ನಿಂತುಬಿಟ್ಟಳು. ಕಣ್ಣು ಚೆನ್ನಾಗಿಯೇ ಇದ್ದವು. ಆಮೇಲೆ ಸೆರಗು ಬಿಗಿದುಕೊಂಡು ಬಂದು, ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಚೀಲದ ಬಾಯಿಯ ಮೇಲೆ ಕೈ ಆಡಿಸಿದಳು. ಏಳನೆಯದು ಮುಗಿಯುವವರೆಗೂ ತಲೆ ಎತ್ತಲಿಲ್ಲ.

"ಯಾರ ಕೈ ಇದು, ಗೊತ್ತಾಗ್ತದೇನ್ರಿ?" ಎಂದರು ನಮ್ಮ ಸಾಹೇಬರು.

"ಗೊತ್ತಾಗದ ಏನ್ರಿ ಸಾಹೇಬ್ರ" ಎಂದಳು ಅವ್ವ. "ಇದು ನನ್ನ ಕೈ."

ಸಾಹೇಬರು ಅವಳ ಮುಂದೆ ಬಂದು ನಿಂತರು.

"ನೀವು ಹೊಲಿದದ್ದಾ? ಎಲ್ಲಿ? ಯಾರು ಹೊಲಿಸಿದ್ರು?"

"ಯಾರೋ ಬಂದ್ರು, ಹೊಲಿ ಅಂದ್ರು, ಹೊಲಿದೆ. ಮುಖ ನೆನಪಿಲ್ಲ. ಹಿಡಕೋಬೇಕಂದ್ರ ನನ್ನ ಹಿಡಕೊಳ್ರಿ."

ಸಾಹೇಬರು ನನ್ನನ್ನು ನೋಡಿದರು. ಗಡಿಯಾಚೆಯ ಎಸ್ಸೈ ಅವಸರ ಮಾಡಲಿಲ್ಲ. ಗಂಜ್‌ನಿಂದ ಒಂದು ದಬ್ಬಣ, ಸುತಳಿ ಉಂಡೆ ತರಿಸಿದರು. ಒಂದು ಖಾಲಿ ಚೀಲಕ್ಕೆ ಹೊಟ್ಟು ತುಂಬಿಸಿ ಅವ್ವನ ಮುಂದೆ ನಿಲ್ಲಿಸಿದರು. "ಹೊಲಿ ಅಮ್ಮಾ, ಸ್ವಲ್ಪ" ಎಂದರು. ದನಿಯಲ್ಲಿ ಗದರಿಕೆ ಇರಲಿಲ್ಲ.

ಅವ್ವ ದಬ್ಬಣ ತೆಗೆದುಕೊಂಡಳು. ಬಲಗೈಗೆ ಬಂದದ್ದನ್ನು ಒಂದು ಕ್ಷಣ ನೋಡಿ, ಎಡಗೈಗೆ ಬದಲಿಸಿದಳು.

ಯಾವ ಎಡಗೈಗೆ ಅಕ್ಕನನ್ನು ಅಷ್ಟು ಹೊಡೆದಿದ್ದಳೋ, ಆ ಎಡಗೈಯಿಂದ ಹೊಲಿಯಲು ಕೂತಳು. ಮೊದಲ ಹೊಲಿಗೆ ಸರಿಯಾಗಿ ಬೀಳಲಿಲ್ಲ. ಎರಡನೆಯದು ಎಡಕ್ಕೆ ವಾಲಿತು, ಆದರೆ ಸಡಿಲ. ಮೂರನೆಯದಕ್ಕೆ ದಬ್ಬಣ ಜಾರಿ ಬಲಗೈಯ ಹೆಬ್ಬೆರಳಿಗೆ ಇಳಿಯಿತು. ರಕ್ತ ಚೀಲಕ್ಕೆ ಹತ್ತಿತು. ಅವ್ವ ಅದನ್ನು ಸೀರೆಗೆ ಒರೆಸಿಕೊಂಡು ಮತ್ತೆ ದಬ್ಬಣ ಎತ್ತಿದಳು. ನಲವತ್ತು ವರ್ಷ ಹೊಲಿದವಳು ಮೊದಲ ದಿನದವಳ ಹಾಗೆ ತಡವರಿಸುತ್ತಿದ್ದಳು, ನಿಲ್ಲಿಸುತ್ತಿರಲಿಲ್ಲ.

"ಸಾಕು ಬಿಡವ್ವ" ಎಂದೆ. "ಅದು ಆಕಿ ಕೈ ಅಲ್ರಿ ಸರ್. ನಮ್ಮ ಅಕ್ಕನ ಕೈ. ಸುರಪುರದಾಗ ಇದ್ದಾಳ. ನನಗ ಮೊದಲೇ ಗೊತ್ತಿತ್ತು."

ಅವ್ವ ದಬ್ಬಣ ಕೆಳಗಿಟ್ಟಳು. "ನಿನ್ನ ಯಾರ್ ಕೇಳಿದ್ರು?" ಎಂದಳು. ಅಷ್ಟೇ.

ಒಂದೇ ತಾಸಿನಲ್ಲಿ ಮೂರೂ ಕಡೆಯ ಗಾಡಿಗಳು ಹೊರಟವು. ನಾಕಾಗಳಿಗೆಲ್ಲ ಒಟ್ಟಿಗೆ ಸುದ್ದಿ ಹೋಯಿತು. ಯಾರೂ ಹದ್ದಿನ ಮಾತು ಎತ್ತಲಿಲ್ಲ. ಅಕ್ಕನ ಗಂಡ ಮತ್ತು ಅವನ ಜೊತೆ ಇಬ್ಬರು ಶೆಡ್ಡಿನಲ್ಲೇ ಸಿಕ್ಕರು, ಇನ್ನಿಬ್ಬರು ಗಡಿಯ ನಾಕಾದಲ್ಲಿ. ಅಂಥ ಕೆಲಸವನ್ನು ನಾನು ನಮ್ಮ ಇಲಾಖೆಯಲ್ಲಿ ಮೊದಲ ಸಲ ನೋಡಿದೆ. ಹೋದ ಬೇಸ್ತವಾರವೇ ಬಾಯಿ ಬಿಟ್ಟಿದ್ದರೆ ಆ ಕೆಲಸ ಒಂದು ವಾರ ಮೊದಲೇ ಮುಗಿಯುತ್ತಿತ್ತು.

ಬೇರೆ ಮಹಿಳಾ ಸಿಬ್ಬಂದಿ ಇರಲಿಲ್ಲವಾದ್ದರಿಂದ ಅಕ್ಕನನ್ನು ಕರೆತರಲು ನಾನೇ ಹೋಗಬೇಕಾಯಿತು. ಬೇಡವಾದರೆ ಬೇಡ ಎಂದರು ಸಾಹೇಬರು. ಹೋಗುತ್ತೇನೆ ಎಂದೆ. ಜೀಪಿನ ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತೆ. ಸುರಪುರ ದಾಟುವವರೆಗೂ ಅವಳು ಹೊರಗೆ ನೋಡುತ್ತಿದ್ದಳು. ಬೈಯುತ್ತಾಳೆ, ಉಗುಳುತ್ತಾಳೆ ಎಂದು ಕಾದು ಕೂತಿದ್ದೆ. ಉಗುಳಿದರೂ ಒರೆಸಿಕೊಳ್ಳಬಾರದು ಎಂದು ತೀರ್ಮಾನ ಮಾಡಿದ್ದೆ.

"ಡ್ರೈವರ ಬದುಕ್ಯಾನೇನು?" ಎಂದಳು.

"ಅದಾನ. ಮಾತು ಬಂದಿಲ್ಲ."

"ನೀರ ಕೇಳಿದ. ಕೊಡಾಕ ಬಿಡಲಿಲ್ಲ ಇವರು." "ಚೀಲದ ಫೋಟೋ ನಿನಗ ಯಾವಾಗ ಬಂತು?"

"ಬೇಸ್ತವಾರ. ಹೋದ ವಾರ."

"ಜಡಿ ಕಾಣಲಿಲ್ಲೇನು?"

"ಕಾಣ್ತು."

"ಎಲ್ಲಾ ಚೀಲಕ್ಕೂ ಹಾಕಿದ್ದೆ. ಕೊನೀ ಚೀಲಕ್ಕ ಹಾಕೋದನ್ನ ಎಲ್ಲಾದಕ್ಕೂ ಹಾಕಿದ್ದೆ. ಫೋನ್ ಕಸಗೊಂಡಿದ್ದ, ಹೊರಗ ಬಿಡ್ತಿರಲಿಲ್ಲ. ಚೀಲ ಅಷ್ಟೇ ಹೊರಗ ಹೋಗ್ತಿದ್ವು. ಎಲ್ಲರ ನಿನ್ನ ಕಣ್ಣಿಗಿ, ಅವ್ವನ ಕಣ್ಣಿಗಿ ಬೀಳ್ತಾವ ಅಂತ." ಅವಳು ಒಡೆದ ಬೆರಳನ್ನು ಇನ್ನೊಂದು ಕೈಯಿಂದ ಒತ್ತಿಕೊಂಡಳು. "ಐತವಾರ ನೀ ಮನೀಗಿ ಬಂದಿ. ಗೊತ್ತಾಗೇ ಬಂದಾಳ ಅಂದುಕೊಂಡೆ. ರೊಟ್ಟಿ ಗಂಟಿಗೂ ಹಾಕಿ ಕೊಟ್ಟೆ. ಸೋಮವಾರ ಕಾದೆ. ಮಂಗಳವಾರ ಕಾದೆ."

"ನಿನ್ನ ಉಳಸ್ಬೇಕಂತ ಸುಮ್ಮನಿದ್ದೆ ಅಕ್ಕ" ಎಂದೆ.

ಅವಳು ಆಗ ಮೊದಲ ಸಲ ನನ್ನ ಮುಖ ನೋಡಿದಳು.

"ಯಾರಿಂದ?" ಎಂದಳು.